ಮಲುವಾದಲ್ಲಿ ಮೇಷ್ಟ್ರಿಗೂ ಒಂದು ಚಾಪೆ

ಆಪಿಯಾ ಪೇಟೆಯಿಂದ ಹೊರಡುವ ಬಸ್ಸುಗಳ ಒಡಲು ಮರದ್ದು, ಮೈಮೇಲೆ ಕಣ್ಣು ಕೋರೈಸುವ ಬಣ್ಣ, ಒಳಗೆ ಎದೆ ನಡುಗಿಸುವ ಸಂಗೀತ. ಸೀಟುಗಳು ತುಂಬಿದರೂ ಬಸ್ಸು ತುಂಬಿತೆಂದು ಯಾರೂ ಹೇಳುವುದಿಲ್ಲ. ಹೊಸದಾಗಿ ಹತ್ತಿದವರು ಕುಳಿತವರ ತೊಡೆಯ ಮೇಲೆ ಕೂರುತ್ತಾರೆ. ಕೂರಿಸಿಕೊಂಡವರ ಮುಖದಲ್ಲಿ ಬೇಸರದ ಗೆರೆಯೂ ಮೂಡುವುದಿಲ್ಲ. ವಯಸ್ಸಾದವರು ಹತ್ತಿದರೆ, ಪರದೇಶದವರು ಹತ್ತಿದರೆ, ಮುಂದಿನ ಸೀಟಿನ ಹುಡುಗರು ಮಾತಿಲ್ಲದೆ ಎದ್ದು ಹಿಂದಕ್ಕೆ ಹೋಗಿ ಇನ್ನೊಬ್ಬರ ತೊಡೆ ಸೇರುತ್ತಾರೆ. ಸಮೋವಾಕ್ಕೆ ಪಾಠ ಹೇಳಲು ಬಂದವರಿಗೆ ಮೊದಲ ಪಾಠ ಸಿಗುವುದು ಈ ಬಸ್ಸಿನಲ್ಲೇ.

ಬಸ್ಸು ಪಶ್ಚಿಮಕ್ಕೆ, ವಿಮಾನ ನಿಲ್ದಾಣದ ದಾರಿ ಹಿಡಿದು ಸಾಗುತ್ತದೆ. ಬಲಕ್ಕೆ ಹವಳದ ದಿಬ್ಬದೊಳಗೆ ನಿಂತ ತಿಳಿ ನೀರು, ಎಡಕ್ಕೆ ಒಂದರ ಹಿಂದೊಂದು ಹಳ್ಳಿ. ಪ್ರತಿ ಹಳ್ಳಿಗೂ ಅದರ ಮನೆಗಳಿಗಿಂತ ಹತ್ತು ಪಟ್ಟು ದೊಡ್ಡದಾದ ಒಂದು ಚರ್ಚು. ಸುಮಾರು 15 ಕಿಲೋಮೀಟರ್ ಕಳೆದ ಮೇಲೆ ಕಡಲ ಬದಿಯಲ್ಲಿ ಕತ್ತರಿಸಿದ ಹುಲ್ಲಿನ ಅಂಗಳ, ಹಳೆಯ ಮರಗಳು, ಸಾಲು ಮನೆಗಳು ಕಾಣಿಸುತ್ತವೆ. ಇದೇ ಮಲುವಾ ಥಿಯಲಾಜಿಕಲ್ ಕಾಲೇಜು. ಸಮೋವಾದ ಅತಿ ದೊಡ್ಡ ಕ್ರೈಸ್ತ ಸಭೆಯಾದ ಕಾಂಗ್ರಿಗೇಷನಲ್ ಕ್ರಿಶ್ಚಿಯನ್ ಚರ್ಚಿಗೆ ಪಾದ್ರಿಗಳನ್ನು ತಯಾರು ಮಾಡುವ ಈ ಕಾಲೇಜು ಹುಟ್ಟಿದ್ದು 1844ರ ಸೆಪ್ಟೆಂಬರ್‌ನಲ್ಲಿ. ಮುಂಬಯಿ, ಮದರಾಸು, ಕಲಕತ್ತೆಗಳ ವಿಶ್ವವಿದ್ಯಾಲಯಗಳು ಹುಟ್ಟುವುದಕ್ಕೆ 13 ವರ್ಷ ಮೊದಲು!

ಶಾಂತಸಾಗರದ ನಡುವೆ, ನ್ಯೂಜಿಲೆಂಡಿನ ಆಕ್ಲೆಂಡಿನಿಂದ ಸುಮಾರು ನಾಲ್ಕು ಗಂಟೆಗಳ ವಿಮಾನ ಪಯಣದ ದೂರದಲ್ಲಿ, ಉಪೋಲು ಮತ್ತು ಸವಾಯಿ ಎಂಬ ಎರಡು ಜ್ವಾಲಾಮುಖಿ ದ್ವೀಪಗಳು ಮತ್ತು ಕೆಲವು ಪುಟ್ಟ ನಡುಗಡ್ಡೆಗಳು ಸೇರಿದ ದೇಶ ಸಮೋವಾ. ಜನಸಂಖ್ಯೆ ಸುಮಾರು ಎರಡು ಲಕ್ಷ. ಬೆಂಗಳೂರಿಗಿಂತ ಏಳೂವರೆ ಗಂಟೆ ಮುಂದೆ. ಇಲ್ಲಿ ಭಾನುವಾರ ಬೆಳಗಿನ ಎಂಟಕ್ಕೆ ಆರಾಧನೆ ಶುರುವಾಗುವ ಹೊತ್ತಿಗೆ ಬೆಂಗಳೂರಿನಲ್ಲಿ ಶನಿವಾರದ ರಾತ್ರಿ ಕಳೆದು ಅರ್ಧ ಗಂಟೆಯಷ್ಟೇ ಆಗಿರುತ್ತದೆ. ಇಂಥ ಕಡೆಗೆ ಒಂದೆರಡು ವರ್ಷದ ಮಟ್ಟಿಗೆ ಸಂಬಳದ ಆಸೆಯಿಲ್ಲದೆ ಪಾಠ ಮಾಡಲು ಬರುವ ಶಿಕ್ಷಕರು ನೆಲೆಯೂರುವುದು ಹೇಗೆ ಎಂಬುದು ಕುತೂಹಲದ ವಿಷಯ. ಅದನ್ನು ಅರಿಯಬೇಕಾದರೆ ಮಲುವಾ ಎಂಥ ಜಾಗವೆಂದು ಮೊದಲು ತಿಳಿಯಬೇಕು.

ತೋಟವೇ ಅನ್ನ, ತೋಟವೇ ಶುಲ್ಕ

ಸಮೋವಾಕ್ಕೆ ಕ್ರೈಸ್ತ ಧರ್ಮ ಕಾಲಿಟ್ಟದ್ದು 1830ರಲ್ಲಿ. ಲಂಡನ್ ಮಿಷನರಿ ಸೊಸೈಟಿಯ ಜಾನ್ ವಿಲಿಯಮ್ಸ್ ಸವಾಯಿ ದ್ವೀಪದ ಸಪಪಾಲೀ ಹಳ್ಳಿಯಲ್ಲಿ ಇಳಿದು, ಅಲ್ಲಿಯ ದೊಡ್ಡ ನಾಯಕ ಮಲಿಯೆಟೋವಾ ವಾಯಿನುಪೋನ ಆಶ್ರಯ ಪಡೆದ. ಆದರೆ ವಿಲಿಯಮ್ಸ್ ಅಲ್ಲಿ ನಿಲ್ಲಲಿಲ್ಲ. ಎಂಟು ಮಂದಿ ಉಪಾಧ್ಯಾಯರನ್ನು ಬಿಟ್ಟು ಹೊರಟುಹೋದ. ಆ ಎಂಟು ಮಂದಿ ಯುರೋಪಿನವರಲ್ಲ, ಪೂರ್ವದ ದ್ವೀಪಗಳಿಂದ ದೋಣಿಯೇರಿ ಬಂದ ಪಾಲಿನೇಷ್ಯದವರೇ. ಊರು ಬಿಟ್ಟು ಇನ್ನೊಂದು ದ್ವೀಪಕ್ಕೆ ಹೋಗಿ, ಅಲ್ಲಿಯ ಮಾತು ಕಲಿತು, ಅಲ್ಲಿಯವರ ಅನ್ನ ಉಂಡು ಅಕ್ಷರ ಹೇಳಿಕೊಡುವ ಕೆಲಸವನ್ನು ಸಮೋವಾದಲ್ಲಿ ಆರಂಭಿಸಿದವರು ಅವರು. ಸೊಸೈಟಿಯ ಯುರೋಪಿನ ಪಾದ್ರಿಗಳು ನೆಲೆಸಲು ಬಂದದ್ದು ಆರು ವರ್ಷಗಳ ನಂತರ.

ಹಳ್ಳಿಹಳ್ಳಿಯೂ ಉಪಾಧ್ಯಾಯರನ್ನು ಕೇಳತೊಡಗಿದಾಗ, ಊರಿನವರನ್ನೇ ತರಬೇತು ಮಾಡುವ ಶಾಲೆಯೊಂದು ಬೇಕೆನಿಸಿತು. ಆ ಹೊಣೆ ಬಿದ್ದದ್ದು ಚಾರ್ಲ್ಸ್ ಹಾರ್ಡಿ ಮತ್ತು ಜಾರ್ಜ್ ಟರ್ನರ್ ಅವರ ಮೇಲೆ. ಸ್ಕಾಟ್ಲೆಂಡಿನ ಟರ್ನರ್ ಆಗಷ್ಟೇ ತನ್ನಾ ಎಂಬ ದ್ವೀಪದಿಂದ ಜೀವ ಉಳಿಸಿಕೊಂಡು ಸಮೋವಾಕ್ಕೆ ಬಂದಿದ್ದವರು. ಇಬ್ಬರೂ ಯೋಚಿಸಿ ಒಂದು ತೀರ್ಮಾನಕ್ಕೆ ಬಂದರು: ವಿದ್ಯಾರ್ಥಿಗಳ ಊಟಕ್ಕೆ ಲಂಡನ್ನಿನ ಹಣ ನೆಚ್ಚಿಕೊಂಡರೆ ಕಾಲೇಜು ನಿಲ್ಲದು. ಕಡಲ ಬದಿಯಲ್ಲಿ ಬೆಲೆ ಕೊಟ್ಟು ಜಮೀನು ಕೊಂಡರು, ಮುಂದೆ ಅದನ್ನು ವಿಸ್ತರಿಸಿದರು. ಪ್ರತಿ ವಿದ್ಯಾರ್ಥಿಗೂ ಒಂದಿಷ್ಟು ನೆಲ. ಅದರಲ್ಲಿ ಕೆಸು, ಗೆಣಸು, ಬಾಳೆ ಬೆಳೆದುಕೊಳ್ಳಬೇಕು, ಮೀನು ಬೇಕಿದ್ದರೆ ಎದುರಿಗೇ ಕಡಲಿದೆ. ತೆಂಗು, ಜೀಗುಜ್ಜೆ ಮರಗಳನ್ನು ನೆಟ್ಟದ್ದೂ ವಿದ್ಯಾರ್ಥಿಗಳು, ಹವಳದ ಸುಣ್ಣ ಸುಟ್ಟು ಗೋಡೆ ಎಬ್ಬಿಸಿದ್ದೂ ವಿದ್ಯಾರ್ಥಿಗಳು. ಟರ್ನರ್ 1861ರಲ್ಲಿ ಪ್ರಕಟಿಸಿದ ತಮ್ಮ 19 ವರ್ಷಗಳ ದ್ವೀಪವಾಸದ ಕಥನದಲ್ಲಿ ಈ ವ್ಯವಸ್ಥೆಯನ್ನು ಹೆಮ್ಮೆಯಿಂದ ವಿವರಿಸಿದ್ದಾರೆ.

ಇನ್ನೊಂದು ನಿರ್ಧಾರ ಅಷ್ಟೇ ಮಹತ್ವದ್ದು. ಮದುವೆಯಾದವರು ಹೆಂಡತಿ ಮಕ್ಕಳೊಂದಿಗೆ ಬಂದು ನೆಲೆಸಬೇಕು, ಹೆಂಡತಿಗೂ ಪಾಠ ಆಗಬೇಕು. ಹೀಗಾಗಿ ಮಲುವಾ ಮೊದಲಿನಿಂದಲೂ ಹಾಸ್ಟೆಲ್ ಇರುವ ಕಾಲೇಜಿನ ಹಾಗಿರದೆ ಒಂದು ಊರಿನ ಹಾಗೆಯೇ ಬೆಳೆಯಿತು. ಮುಂಜಾನೆ ಕೋಳಿ ಕೂಗು, ಗಂಟೆ, ಪ್ರಾರ್ಥನೆ; ಹೊತ್ತೇರಿದ ಮೇಲೆ ತರಗತಿ; ಬಿಸಿಲು ಇಳಿದ ಮೇಲೆ ತೋಟದ ಕೆಲಸ, ಮಕ್ಕಳ ಗಲಾಟೆ, ಅಡುಗೆಯ ಹೊಗೆ. ಗ್ರೀಕ್ ವ್ಯಾಕರಣದ ಪುಸ್ತಕ ಕೆಳಗಿಟ್ಟ ಕೈ ಕತ್ತಿ ಹಿಡಿದು ಹುಲ್ಲು ಸವರಲು ಹೋಗುತ್ತದೆ.

ಮಲುವಾದ ಕೈ ಎಷ್ಟು ದೂರ ಚಾಚಿತ್ತೆಂಬುದಕ್ಕೆ ಎಲೆಕಾನಾ ಎಂಬಾತನ ಕಥೆಯೊಂದು ಸಾಕು. ಕುಕ್ ದ್ವೀಪಗಳ ಮನಿಹಿಕಿಯ ಈ ಸಭಾಸೇವಕ 1861ರಲ್ಲಿ ಪಕ್ಕದ ದ್ವೀಪದಿಂದ ಮನೆಗೆ ಹೊರಟಿದ್ದ. ಬಿರುಗಾಳಿಗೆ ದೋಣಿ ದಿಕ್ಕು ತಪ್ಪಿತು. ವಾರಗಟ್ಟಲೆ ಕಡಲಲ್ಲಿ ತೇಲಿ, ಸಂಗಡಿಗರಲ್ಲಿ ಕೆಲವರನ್ನು ಕಳೆದುಕೊಂಡು, ಇಂದು ತುವಾಲು ಎನ್ನುವ ದೇಶದ ನುಕುಲಾಯೆಲಾಯೆ ಎಂಬ ಹವಳದ ನಡುಗಡ್ಡೆಗೆ ಬಂದು ಬಿದ್ದ. ಬದುಕಿಸಿದ ಜನಕ್ಕೆ ತನಗೆ ಗೊತ್ತಿದ್ದ ಅಕ್ಷರವನ್ನೂ ಪ್ರಾರ್ಥನೆಯನ್ನೂ ಕಲಿಸಿದ. ಅವರು ಇನ್ನಷ್ಟು ಕೇಳಿದಾಗ, ತನಗೆ ಗೊತ್ತಿರುವುದು ಸಾಲದೆಂದು ತಿಳಿದು ಸಮೋವಾಕ್ಕೆ ಹೋದ, ಮಲುವಾದಲ್ಲಿ ಓದಿದ, 1865ರಲ್ಲಿ ಮರಳಿದ. ಅಷ್ಟರಲ್ಲಿ, 1863ರಲ್ಲಿ, ಪೆರುವಿನ ಗುಲಾಮ ಹಡಗುಗಳು ಬಂದು ಆ ದ್ವೀಪದ ಬಹುಪಾಲು ಜನರನ್ನು ಮೋಸದಿಂದ ಹೊತ್ತೊಯ್ದಿದ್ದವು. ಉಳಿದ ಬೆರಳೆಣಿಕೆಯ ಕುಟುಂಬಗಳ ನಡುವೆ ಅವನು ಪಾಠ ಮುಂದುವರಿಸಿದ. ಅವನ ಹಿಂದೆ ಸಮೋವಾದ ಪಾದ್ರಿಗಳು ಹೋದರು. ನೂರು ವರ್ಷಕ್ಕೂ ಮಿಕ್ಕಿ ತುವಾಲುವಿನ ಜನ ಸಮೋವನ್ ಭಾಷೆಯ ಬೈಬಲನ್ನೇ ಓದಿದರು. ಇದೇ ಕೆಲಸಕ್ಕೆ 1880ರ ದಶಕದಿಂದ ಪಪುವಾಕ್ಕೆ ಹೊರಟ ಸಮೋವಾದ ದಂಪತಿಗಳಲ್ಲಿ ಅನೇಕರು ಮಲೇರಿಯಾಕ್ಕೆ ಬಲಿಯಾಗಿ ಅಲ್ಲೇ ಮಣ್ಣಾದರು.

ಬಳ್ಳಾರಿಯಿಂದ ಮಲುವಾಕ್ಕೆ ಒಂದು ಎಳೆ

ಕನ್ನಡಿಗರಿಗೆ ಈ ಕಥೆ ತೀರ ಹೊರಗಿನದಲ್ಲ. ಮಲುವಾವನ್ನು ಕಟ್ಟಿದ ಅದೇ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡ ಕಲಿತು, ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈಹಾಕಿದವರು. ಸಮೋವನ್ ಬೈಬಲ್ ಪೂರ್ತಿಯಾಗಿ ಅಚ್ಚಾದದ್ದು 1855ರಲ್ಲಿ. ನಮಗೆ ಕಿಟೆಲ್ ಹೇಗೋ ಸಮೋವಾಕ್ಕೆ ಜಾರ್ಜ್ ಪ್ರ್ಯಾಟ್ ಹಾಗೆ; ಅವರ ಸಮೋವನ್ ನಿಘಂಟು ಮತ್ತು ವ್ಯಾಕರಣ 1862ರಲ್ಲಿ ಬಂತು, ಕಿಟೆಲ್ ಕೋಶಕ್ಕೆ 32 ವರ್ಷ ಮೊದಲು.

ಹಳೆಯ ಲಂಡನ್ ಮಿಷನ್ 1977ರಲ್ಲಿ ರೂಪ ಬದಲಿಸಿ ಕೌನ್ಸಿಲ್ ಫಾರ್ ವರ್ಲ್ಡ್ ಮಿಷನ್ ಆಯಿತು. ಲಂಡನ್ನಿನಿಂದ ಹಣವೂ ಜನರೂ ಹೊರಡುವುದು, ಉಳಿದವರು ಪಡೆಯುವುದು ಎಂಬ ಏರ್ಪಾಡು ಅಲ್ಲಿಗೆ ಮುಗಿಯಿತು. ಸದಸ್ಯ ಸಭೆಗಳೆಲ್ಲ ಸಮಾನರು, ಯಾರಲ್ಲಿ ಏನಿದೆಯೋ ಅದನ್ನು ಬೇಕಾದವರೊಡನೆ ಹಂಚಿಕೊಳ್ಳುವುದು ಎಂಬ ಹೊಸ ಒಪ್ಪಂದವಾಯಿತು. ಕರ್ನಾಟಕದಲ್ಲೂ ನೆಲೆಯಿರುವ ದಕ್ಷಿಣ ಇಂಡಿಯಾ ಸಭೆ ಮತ್ತು ಸಮೋವಾದ ಕಾಂಗ್ರಿಗೇಷನಲ್ ಸಭೆ ಎರಡೂ ಇದರ ಸದಸ್ಯರು. ಹಾಗಾಗಿ ಇಂದು ಇಂಥ ಕಾಲೇಜಿಗೆ ಹೊರಗಿನಿಂದ ಬರುವವರು ‘ಕೊಡಲು ಬಂದ ದೊಡ್ಡವರು’ ಎಂದು ಭಾವಿಸಿಕೊಳ್ಳಲು ಜಾಗವೇ ಇಲ್ಲ. ಮಲುವಾದ ಅಧ್ಯಾಪಕರಲ್ಲಿ ಬಹುಪಾಲು ಸಮೋವಾದವರೇ. ನ್ಯೂಜಿಲೆಂಡ್, ಆಸ್ಟ್ರೇಲಿಯಾ, ಫಿಜಿಗಳಲ್ಲಿ ಉನ್ನತ ವ್ಯಾಸಂಗ ಮಾಡಿ ಮರಳಿದವರು ಅವರಲ್ಲಿದ್ದಾರೆ. ಸ್ವಯಂಸೇವಕರಾಗಿ ಬರುವವರ ಪಾಲಿಗೆ ಇಂಥಲ್ಲಿ ಒದಗುವುದು ಇಂಗ್ಲಿಷ್ ಬರವಣಿಗೆಯ ತರಬೇತಿ, ಗ್ರಂಥಾಲಯದ ಕೆಲಸ, ಪ್ರಬಂಧ ತಿದ್ದುವುದು, ಮನೆಯವರಿಗೂ ಮಕ್ಕಳಿಗೂ ಸಂಜೆಯ ಪಾಠದಂಥ ಕೆಲಸಗಳು.

ಈ ಕೆಲಸಗಳ ಅಗತ್ಯ ನಿಜವಾದದ್ದು. ವಿದ್ಯಾರ್ಥಿಗಳು ಯೋಚಿಸುವುದು, ಬೋಧಿಸುವುದು, ಹಾಡುವುದು ಸಮೋವನ್ ಭಾಷೆಯಲ್ಲಿ. ಓದಬೇಕಾದ ಗ್ರಂಥಗಳು ಇರುವುದು ಇಂಗ್ಲಿಷಿನಲ್ಲಿ, ಪದವಿಯ ಪ್ರಬಂಧ ಬರೆಯಬೇಕಾದದ್ದೂ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿ ಕಾಲೇಜಿಗೆ ಬಂದು ಇಂಗ್ಲಿಷ್ ಪುಸ್ತಕದೆದುರು ಕುಳಿತವರಿಗೆ ಈ ಕಷ್ಟವನ್ನು ಯಾರೂ ವಿವರಿಸಬೇಕಿಲ್ಲ.

ಮೌನದ ತರಗತಿ

ಮೊದಲ ವಾರ ತರಗತಿಯಲ್ಲಿ ನಿಂತ ಹೊಸ ಶಿಕ್ಷಕರು ಕಂಗಾಲಾಗುವುದು ಸದ್ದಿಗಲ್ಲ, ಮೌನಕ್ಕೆ. ಪ್ರಶ್ನೆ ಕೇಳಿದರೆ ಉತ್ತರವಿಲ್ಲ. ಎದುರಿಗಿರುವವರು ಚಿಕ್ಕ ಹುಡುಗರಲ್ಲ. ಬೇರೆ ಉದ್ಯೋಗ ಮಾಡಿ ಬಂದವರು, ಮಕ್ಕಳ ತಂದೆಯರು, ಸಭೆಯಲ್ಲಿ ನಿಂತು ನಿರರ್ಗಳವಾಗಿ ಮಾತಾಡಬಲ್ಲವರು. ಆದರೂ ಗುರುವಿನೆದುರು ತಾನಾಗಿ ಬಾಯಿ ತೆರೆಯುವುದು, ಹಿರಿಯರು ಸುಮ್ಮನಿರುವಾಗ ಕಿರಿಯ ಮಾತಾಡುವುದು ಇಲ್ಲಿಯ ನಡತೆಗೆ ಒಪ್ಪದ ಸಂಗತಿ. ‘ಅರ್ಥವಾಯಿತೇ?’ ಎಂದರೆ ಹುಬ್ಬುಗಳು ಮೇಲೇರುತ್ತವೆ ಅಷ್ಟೇ. ಹುಬ್ಬೇರಿಸುವುದು ಸಮೋವಾದಲ್ಲಿ ‘ಹೌದು’ ಎಂಬುದರ ಸನ್ನೆ ಎಂದು ತಿಳಿಯದವರು ವಿದ್ಯಾರ್ಥಿ ಅಚ್ಚರಿಪಟ್ಟನೆಂದೋ ಅನುಮಾನಿಸಿದನೆಂದೋ ತಪ್ಪು ತಿಳಿಯಬಹುದು.

ದಾರಿ ತೆರೆಯುವುದು ಪ್ರಶ್ನೆಯನ್ನು ಒಬ್ಬನ ಮುಂದಿಡುವ ಬದಲು ಗುಂಪಿನ ಮುಂದಿಟ್ಟಾಗ. ನಾಲ್ಕು ಜನ ತಲೆ ಸೇರಿಸಿ ಮಾತಾಡಿ, ತಮ್ಮಲ್ಲೊಬ್ಬನನ್ನು ವಕ್ತಾರನನ್ನಾಗಿ ಎಬ್ಬಿಸುತ್ತಾರೆ. ಹಳ್ಳಿಯ ಸಭೆಯ ಕ್ರಮವೇ ಇದು. ಅಲ್ಲಿ ಮನೆತನಗಳ ಮುಖ್ಯಸ್ಥರಾದ ಮತಾಯಿಗಳು ಸುತ್ತ ಕುಳಿತಿರುತ್ತಾರೆ, ನಾಯಕನ ಪರವಾಗಿ ಮಾತಿನ ಪಟು ನುಡಿಯುತ್ತಾನೆ. ಸಮೋವಾದಲ್ಲಿ ವಾಗ್ಮಿತೆ ಒಂದು ಪದವಿ. ಅದಕ್ಕೆಂದೇ ಕೋಲು, ಅದಕ್ಕೆಂದೇ ನಾರಿನ ಚಾಮರ. ಆ ಸಂಪ್ರದಾಯವನ್ನು ತರಗತಿಗೆ ಕರೆದುಕೊಂಡ ದಿನ ಮೌನ ಮುರಿಯುತ್ತದೆ.

ಶಿಕ್ಷಕರು ತಾವೂ ವಿದ್ಯಾರ್ಥಿಯಾಗಬೇಕಾದ ಪಾಠವೊಂದಿದೆ: ಅಲ್ಲಿಯ ಭಾಷೆ. ಮಿಷನರಿಗಳು ಸಮೋವನ್ನಿಗೆ ಕೊಟ್ಟ ವರ್ಣಮಾಲೆಯಲ್ಲಿ ಮೂಲತಃ 14 ಅಕ್ಷರ, ಎರವಲು ಪದಗಳಿಗೆಂದು ಇನ್ನು ಮೂರು. ಕಲಿಯಲು ಸುಲಭವೆನಿಸುತ್ತದೆ. ಆದರೆ ‘ಮಕ್ಕಳು’ ಎನ್ನಲು ಪುಸ್ತಕದಲ್ಲಿ ‘ತಮಾಯಿತಿ’ ಎಂದು ಓದಿ ಹೊರಗೆ ಬಂದರೆ ಅಂಗಳದಲ್ಲಿ ಕೇಳುವುದು ‘ಕಮಾಯಿಕಿ’. ತಕಾರದ ಮಾತು ಪ್ರಾರ್ಥನೆಗೆ, ಬರವಣಿಗೆಗೆ, ಶಾಲೆಗೆ. ಕಕಾರದ ಮಾತು ಮನೆಗೆ, ಮೀನು ಹಿಡಿಯುವ ದೋಣಿಗೆ. ಗ್ರಾಂಥಿಕ ಕನ್ನಡಕ್ಕೂ ಆಡುಗನ್ನಡಕ್ಕೂ ಇರುವ ದೂರ ಬಲ್ಲವರು ಇದಕ್ಕೆ ಬೇಗ ಹೊಂದಿಕೊಂಡಾರು.

ಗೌರವದ ಮಾತುಗಳು ಇನ್ನೂ ಸೂಕ್ಷ್ಮ. ಸಾಮಾನ್ಯರ ಮನೆ ‘ಫಾಲೆ’, ನಾಯಕನದಾದರೆ ‘ಮಾಓತಾ’. ಸಾಮಾನ್ಯರು ಉಣ್ಣುವುದಕ್ಕೆ ಒಂದು ಮಾತು, ನಾಯಕರು ಉಣ್ಣುವುದಕ್ಕೆ ಬೇರೆಯೇ ಮಾತು. ನಮ್ಮಲ್ಲಿ ಸ್ವಾಮಿಗಳು ಊಟ ಮಾಡುವುದಿಲ್ಲ, ಭಿಕ್ಷೆ ಸ್ವೀಕರಿಸುತ್ತಾರೆ, ಬರುವುದಿಲ್ಲ, ದಯಮಾಡಿಸುತ್ತಾರೆ. ಹಾಗೆಯೇ ಇದು. ಪಾದ್ರಿಗೂ ಇಂಥ ಗೌರವದ ಹೆಸರಿದೆ: ‘ಫಾಅಫೇಆಂಗಾಯಿಂಗಾ’. ಅಣ್ಣತಮ್ಮಂದಿರಿಗೂ ಅಕ್ಕತಂಗಿಯರಿಗೂ ನಡುವೆ ಇರುವ ಪವಿತ್ರ ಕಟ್ಟುಪಾಡಿಗೆ ಸಮೋವಾದಲ್ಲಿ ‘ಫೇಆಂಗಾಯಿಂಗಾ’ ಎನ್ನುತ್ತಾರೆ. ಸೋದರಿಯ ಮಾತಿಗೆ ಸೋದರ ತಲೆಬಾಗಬೇಕು, ಅವಳನ್ನು ಕಾಯಬೇಕು. ಮಿಷನರಿಗಳು ತಂದ ಧರ್ಮ ಈ ನೆಲದಲ್ಲಿ ಬೇರೂರಿದಾಗ ಹಳ್ಳಿಯ ಜನ ಪಾದ್ರಿಯನ್ನು ಆ ಸೋದರಿಯ ಜಾಗದಲ್ಲಿ ಕೂರಿಸಿದರು. ಹಳ್ಳಿಯೇ ಅವನಿಗೆ ಮನೆ ಕಟ್ಟಿಕೊಡುತ್ತದೆ, ಊಟ ಕಳಿಸುತ್ತದೆ; ಅವನು ಹಳ್ಳಿಗಾಗಿ ಪ್ರಾರ್ಥಿಸುತ್ತಾನೆ. ಮಲುವಾದ ಪ್ರವೇಶ ಪರೀಕ್ಷೆಗೆ ಪೈಪೋಟಿ ಹೆಚ್ಚು; ಅದೇಕೆಂಬುದು ಇದನ್ನು ತಿಳಿದ ಮೇಲೆ ಅರ್ಥವಾಗುತ್ತದೆ.

ಹೊರಗಿನವನೊಬ್ಬ ಇಲ್ಲಿ ಕಲಿಯುತ್ತ ಕಲಿಸಿದ್ದಕ್ಕೆ ಹೆಸರಾಂತ ಉದಾಹರಣೆ ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್‌ಸನ್. 1889ರ ಡಿಸೆಂಬರ್‌ನಲ್ಲಿ ಆಪಿಯಾಕ್ಕೆ ಬಂದಿಳಿದ ಆತ, ಮರುತಿಂಗಳೇ ಮಲುವಾದ ವಿದ್ಯಾರ್ಥಿಗಳೆದುರು ಭಾಷಣ ಮಾಡಿದ. ಮುಂದೆ ವೈಲಿಮಾದಲ್ಲಿ ಮನೆ ಕಟ್ಟಿ ನೆಲೆಸಿ, ಮಿಷನರಿ ವಿಟ್ಮಿಯ ಬಳಿ ಸಮೋವನ್ ಪಾಠ ಹೇಳಿಸಿಕೊಂಡ. ಸವಾಯಿಯ ಹೆನ್ರಿ ಸಿಮೆಲೆ ಎಂಬ ನಾಯಕನಿಗೆ ಸಂಜೆ ಇಂಗ್ಲಿಷ್ ಹೇಳಿಕೊಟ್ಟ. ಇಂಗ್ಲಿಷಿನ ಉದ್ದುದ್ದ ಪ್ರಯೋಗಗಳನ್ನು ಕಲಿಯಬೇಕೆಂಬುದು ಆ ನಾಯಕನ ಬಯಕೆಯಾಗಿತ್ತು. ಸ್ಟೀವನ್‌ಸನ್ನನ ‘ದ ಬಾಟಲ್ ಇಂಪ್’ ಕಥೆ 1891ರಲ್ಲಿ ಮಿಷನ್ನಿನ ‘ಓ ಲೆ ಸುಲು ಸಮೋವಾ’ ಪತ್ರಿಕೆಯಲ್ಲಿ ಸಮೋವನ್ ಭಾಷೆಯಲ್ಲಿ ಬಂತು. ಊರಿನ ಜನ ಅವನನ್ನು ಕರೆದದ್ದು ‘ತುಸಿತಾಲಾ’ ಎಂದು. ಕಥೆ ಬರೆಯುವವನು ಎಂದರ್ಥ.

ಪತ್ರೊಡೆಯ ನೆಂಟ, ವೀಳ್ಯದ ಬಂಧು

ಭಾಷೆಗಿಂತ ಬೇಗ ಒಗ್ಗುವುದು ಊಟ. ಅದರಲ್ಲೂ ಕರಾವಳಿ, ಮಲೆನಾಡಿನ ಕನ್ನಡಿಗರಿಗೆ ಈ ಅಡುಗೆಮನೆಯಲ್ಲಿ ಅಪರಿಚಿತವಾದದ್ದು ಕಡಿಮೆ. ‘ತಾಲೋ’ ಎಂದರೆ ಕೆಸುವಿನ ಗೆಡ್ಡೆ. ‘ಉಲು’ ಎಂದರೆ ಜೀಗುಜ್ಜೆ. ‘ಪಲುಸಾಮಿ’ ಎಂದರೆ ಎಳೆಯ ಕೆಸುವಿನೆಲೆಯೊಳಗೆ ಗಟ್ಟಿ ತೆಂಗಿನ ಹಾಲು, ಈರುಳ್ಳಿ ಹಾಕಿ ಮಡಚಿ ಬೇಯಿಸಿದ್ದು. ಅಕ್ಕಿ, ಹುಳಿ, ಖಾರ ಇಲ್ಲದ ಪತ್ರೊಡೆ ಎನ್ನಬಹುದು. ಸರಿಯಾಗಿ ಬೇಯದಿದ್ದರೆ ಅಲ್ಲೂ ಗಂಟಲು ತುರಿಸುತ್ತದೆ! ಇವೆಲ್ಲ ಬೇಯುವುದು ‘ಉಮು’ವಿನಲ್ಲಿ. ಕಟ್ಟಿಗೆಯ ಬೆಂಕಿಯಲ್ಲಿ ಕಲ್ಲುಗಳನ್ನು ಕೆಂಪಗೆ ಕಾಯಿಸಿ, ಹರಡಿ, ಅದರ ಮೇಲೆ ಗೆಡ್ಡೆ, ಮೀನು, ಎಲೆಯ ಪೊಟ್ಟಣಗಳನ್ನಿಟ್ಟು, ಬಾಳೆಯೆಲೆ ಮುಚ್ಚಿ ಬಿಡುತ್ತಾರೆ. ಕಲ್ಲಿನ ಕಾವಿನಲ್ಲೇ ಎಲ್ಲ ಬೇಯುತ್ತದೆ. ಉಮು ಹಾಕುವುದು ಗಂಡಸರ ಕೆಲಸ. ಭಾನುವಾರ ಬೆಳಕು ಹರಿಯುವ ಮೊದಲೇ ಇಡೀ ದ್ವೀಪದ ಮೇಲೆ ಆ ಹೊಗೆ ತೆಳುವಾಗಿ ಹಬ್ಬಿರುತ್ತದೆ.

ಕೆಸುವನ್ನು ಇಲ್ಲಿ ಯಾರೂ ಹಗುರವಾಗಿ ಕಾಣುವುದಿಲ್ಲ. 1990ರ ಓಫಾ, 1991ರ ವ್ಯಾಲ್ ಎಂಬ ಎರಡು ಚಂಡಮಾರುತಗಳು ದ್ವೀಪಗಳನ್ನು ಜರ್ಜರಿತಗೊಳಿಸಿದವು. ಅದರ ಬೆನ್ನಿಗೇ 1993ರಲ್ಲಿ ಎಲೆ ಅಂಗಮಾರಿ ರೋಗ ಬಂದು ಕೆಸುವಿನ ತೋಟಗಳನ್ನು ನೆಲಕಚ್ಚಿಸಿತು. ದೇಶದ ಮುಖ್ಯ ರಫ್ತೇ ನಿಂತುಹೋಯಿತು. ರೋಗ ತಡೆಯುವ ತಳಿಗಳನ್ನು ಬೆಳೆಸಿ ತೋಟಗಳು ಚೇತರಿಸಿಕೊಳ್ಳಲು ವರ್ಷಗಳೇ ಹಿಡಿದವು. ತೋಟವನ್ನೇ ನೆಚ್ಚಿ ಬದುಕುವ ಮನೆಗಳಲ್ಲಿ ಇಂಥ ವರ್ಷಗಳ ನೆನಪು ಉಳಿದೇ ಇರುತ್ತದೆ. ಪಕ್ಕದ ಮನೆಯಿಂದ ತಟ್ಟೆ ಬಂದಾಗ ಹೊಸ ಶಿಕ್ಷಕರು ಸಂಕೋಚದಿಂದ ಬೇಡವೆನ್ನುವುದುಂಟು. ಅದು ಇಲ್ಲಿ ವಿನಯವೆನಿಸುವುದಿಲ್ಲ, ಕೊಟ್ಟವರ ಮುಖ ಬಾಡುತ್ತದೆ. ತೆಗೆದುಕೊಳ್ಳಲು ಕಲಿಯುವುದು ನೆಲೆಯೂರುವ ಕೆಲಸದ ಅರ್ಧ ಭಾಗ.

ಬಂದವರನ್ನು ವಿಧಿವತ್ತಾಗಿ ಬರಮಾಡಿಕೊಳ್ಳುವುದು ‘ಆವಾ’ ಕೂಟದಲ್ಲಿ. ಒಂದು ಗಿಡದ ಒಣಬೇರನ್ನು ಕುಟ್ಟಿ, ನೀರಿನಲ್ಲಿ ಹಿಸುಕಿ, ನಾರಿನಿಂದ ಸೋಸಿ, ಅನೇಕ ಕಾಲುಗಳ ಮರದ ಬೋಗುಣಿಯಿಂದ ತೆಂಗಿನ ಚಿಪ್ಪಿನಲ್ಲಿ ತುಂಬಿಸಿ, ಮರ್ಯಾದೆಯ ಕ್ರಮದಲ್ಲಿ ಹೆಸರು ಕೂಗಿ ಕೊಡುತ್ತಾರೆ. ಪಡೆದವರು ಒಂದು ಹನಿ ನೆಲಕ್ಕೆ ಚೆಲ್ಲಿ, ‘ಮನುಇಯಾ’ ಎಂದು ಹರಸಿ ಕುಡಿಯಬೇಕು. ರುಚಿ ಮಣ್ಣಿನದು, ನಾಲಿಗೆ ಕೊಂಚ ಜೋಮು ಹಿಡಿಯುತ್ತದೆ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಈ ಗಿಡ ನಮ್ಮ ಕರಿಮೆಣಸಿಗೂ ವೀಳ್ಯದೆಲೆಗೂ ಒಡಹುಟ್ಟು; ಮೂರೂ ಪೈಪರ್ ಎಂಬ ಒಂದೇ ಕುಲದವು. ಬಂದವರಿಗೆ ವೀಳ್ಯ ಕೊಟ್ಟು ಗೌರವಿಸುವ ನಾಡಿನವರಿಗೆ ಇಲ್ಲೊಂದು ನೆಂಟಸ್ತಿಕೆ ಸಿಕ್ಕಂತಾಗುತ್ತದೆ. ಕಾಲೇಜಿನ ಹುಲ್ಲುಹಾಸಿನ ಮೇಲೆ ಜಗಳವಾಡುವ ಹಕ್ಕಿಗಳನ್ನು ನೋಡಿದರೆ ಅವೂ ಗುರುತಿನವೇ. ಮನುಷ್ಯರ ಕೈಯಿಂದ ಭಾರತದ ಕಡೆಯಿಂದ ಹೊರಟು ಈ ದ್ವೀಪ ಸೇರಿದ ಗೊರವಂಕಗಳು ಈಗ ಇಲ್ಲಿಯ ಹಕ್ಕಿಗಳಿಗೇ ಸವಾಲಾಗುವಷ್ಟು ಹೆಚ್ಚಿವೆ.

ಉಡುಗೆಯೂ ಬದಲಾಗುತ್ತದೆ. ಗಂಡಸರಿಗೆ ತರಗತಿಗೂ ಚರ್ಚಿಗೂ ಪ್ಯಾಂಟಿಗಿಂತ ‘ಈಯೆ ಫಾಯಿತಂಗಾ’ ಒಪ್ಪುತ್ತದೆ. ಜೇಬಿಟ್ಟು ಹೊಲಿದ, ಮೊಣಕಾಲು ದಾಟುವ ಒಂದೇ ಬಣ್ಣದ ಪಂಚೆ ಎಂದರೆ ಸರಿ. ಹೆಂಗಸರಿಗೆ ‘ಪುಲೆತಾಸಿ’ ಎಂಬ ಉದ್ದ ಲಂಗ, ಮೇಲೊಂದು ಅಂಗಿ. ಮನೆಯೊಳಗೆ ಚಪ್ಪಲಿಯಿಲ್ಲ. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬೇಕು, ಹಿರಿಯರ ಕಡೆಗೆ ಕಾಲು ಚಾಚಬಾರದು. ಕುಳಿತವರ ಮುಂದೆ ಹಾಯಬೇಕಾದರೆ ಬೆನ್ನು ಬಾಗಿಸಿ ‘ತುಲೋ’ ಎನ್ನಬೇಕು. ಇವುಗಳಲ್ಲಿ ಅರ್ಧಕ್ಕರ್ಧ ನಮ್ಮ ಅಜ್ಜಿಯರು ಹೇಳಿಕೊಟ್ಟದ್ದೇ.

ಬೂಷ್ಟು, ಮಳೆ ಮತ್ತು ಮನೆಯೊಡತಿಯರು

ಕಷ್ಟಗಳಿಲ್ಲವೆಂದಲ್ಲ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆಗಾಲ. ಹವೆಯಲ್ಲಿ ತೇವ ಎಷ್ಟೆಂದರೆ ಚರ್ಮದ ಚಪ್ಪಲಿ, ಪುಸ್ತಕದ ಬೆನ್ನು, ಬೆಲ್ಟು ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಪುಸ್ತಕ ಕಾಯುವುದು ಇಂಥ ಹವೆಯಲ್ಲಿ ದಿನನಿತ್ಯದ ಹೋರಾಟ. ಚಂಡಮಾರುತದ ಎಚ್ಚರಿಕೆ ಬಂದರೆ ಪಾಠ ನಿಲ್ಲುತ್ತದೆ, ಕಿಟಕಿಗೆ ಹಲಗೆ ಬಡಿಯುವ ಕೆಲಸ ಶುರು. 2009ರ ಸೆಪ್ಟೆಂಬರ್ 29ರ ಬೆಳಿಗ್ಗೆ ಭೂಕಂಪದ ಹಿಂದೆಯೇ ಎದ್ದ ಸುನಾಮಿ ಉಪೋಲುವಿನ ದಕ್ಷಿಣ ಕರಾವಳಿಯ ಹಳ್ಳಿಗಳನ್ನು ಕೊಚ್ಚಿತು. ಉತ್ತರ ದಡದ ಮಲುವಾ ಆ ಹೊಡೆತದಿಂದ ದೂರ ಉಳಿಯಿತು. ಸತ್ತವರಿಗೆ ಮಣ್ಣು ಕೊಟ್ಟು, ಮನೆ ಕಳೆದುಕೊಂಡವರೊಡನೆ ಕೂತು ಪ್ರಾರ್ಥಿಸುವ ಕೆಲಸ ಊರೂರಿನ ಪಾದ್ರಿಗಳ ಪಾಲಿಗೆ ಬಂತು. ಪುಸ್ತಕದಲ್ಲಿ ಓದಿದ ದೇವಶಾಸ್ತ್ರ ಅಲ್ಲಿ ಪರೀಕ್ಷೆಗೆ ನಿಂತಿತು.

ಆ ದೇವಶಾಸ್ತ್ರವೂ ಬದಲಾಗುತ್ತ ಬಂದಿದೆ. ರೊಟ್ಟಿ, ದ್ರಾಕ್ಷಾರಸ, ಕುರಿಮಂದೆಗಳ ಹೋಲಿಕೆಗಳನ್ನು ಕುರಿಯೇ ಅಪರೂಪವಾದ ದ್ವೀಪದಲ್ಲಿ ಎಷ್ಟು ಕಾಲ ಹೇಳುವುದು? ಟೋಂಗಾದ ದೇವಶಾಸ್ತ್ರಜ್ಞ ಸಿಯೋನೆ ಅಮನಾಕಿ ಹವೇಯಾ ತೆಂಗಿನಕಾಯಿಯ ಮೂಲಕ ಕ್ರಿಸ್ತನನ್ನು ವಿವರಿಸಿದರು: ತಿರುಳು ಶರೀರ, ಎಳನೀರು ರಕ್ತ, ಕಾಯಿ ಹಣ್ಣಾಗಿ ತಾನೇ ಬೀಳುವ ಹೊತ್ತು ದೇವರು ಗೊತ್ತುಮಾಡಿದ ಕಾಲ. ಈ ಬಗೆಯ ಚಿಂತನೆ ಇಡೀ ಶಾಂತಸಾಗರದ ಕಾಲೇಜುಗಳಲ್ಲಿ ಹರಡಿತು. ಸಮೋವಾದ ವಿದ್ಯಾರ್ಥಿಗಳೂ ಚಾಪೆ, ದೋಣಿ, ಆವಾ, ಸೋದರಿಯ ಕಟ್ಟುಪಾಡುಗಳನ್ನು ಹಿಡಿದು ಬೈಬಲನ್ನು ಓದುತ್ತಾರೆ. ಇಂಥ ಪ್ರಬಂಧದ ಇಂಗ್ಲಿಷ್ ತಿದ್ದುವ ಹೊರಗಿನ ಶಿಕ್ಷಕರು ಎಚ್ಚರದಿಂದಿರಬೇಕಾಗುತ್ತದೆ. ವ್ಯಾಕರಣ ಸರಿಪಡಿಸುವ ಭರದಲ್ಲಿ ಯೋಚನೆಯನ್ನೇ ನೇರ್ಪುಗೊಳಿಸಿಬಿಟ್ಟರೆ ಬರೆದವನ ಊರು ಪುಟದಿಂದ ಮಾಯವಾಗುತ್ತದೆ. ಒಳ್ಳೆಯ ಶಿಕ್ಷಕರು ಕೆಂಪು ಪೆನ್ನು ಕೆಳಗಿಟ್ಟು ಮೊದಲು ಕೇಳುತ್ತಾರೆ, ‘ಇದನ್ನು ಸಮೋವನ್ನಿನಲ್ಲಿ ಹೇಗೆ ಹೇಳುತ್ತೀರಿ?’ ಎಂದು.

ಹೆಂಗಸರ ಬದುಕು ಇಲ್ಲಿ ಇನ್ನೊಂದು ಕಾಲೇಜು. ಈ ಸಭೆ ಮಹಿಳೆಯರಿಗೆ ಪಾದ್ರಿದೀಕ್ಷೆ ಕೊಡುವುದಿಲ್ಲ. ಆದರೆ ಪಾದ್ರಿಯ ಹೆಂಡತಿಯಿಲ್ಲದೆ ಹಳ್ಳಿಯ ಸಭೆ ಒಂದು ದಿನವೂ ನಡೆಯದು. ಮಕ್ಕಳಿಗೆ ಅಕ್ಷರ, ಹಾಡಿನ ತಾಲೀಮು, ಹೆಂಗಸರ ಸಂಘ, ಚಾಪೆ ಹೆಣೆಯುವ ಕೂಟ, ಬಂದವರ ಉಪಚಾರ, ಎಲ್ಲದಕ್ಕೂ ಅವಳೇ. ಗಂಡನ ಜೊತೆ ನಾಲ್ಕು ವರ್ಷ ಮಲುವಾದಲ್ಲಿದ್ದು ತಾನೂ ಕಲಿತು ಹೊರಡುವ ಈ ಹೆಂಗಸರ ತರಗತಿಗೆ ಪಾಠ ಹೇಳುವುದು ಸ್ವಯಂಸೇವಕರ ಪಾಲಿಗೆ ಬಂದರೆ ಅದು ಸಣ್ಣ ಕೆಲಸವಲ್ಲ. ಟರ್ನರ್ ಕಾಲದಲ್ಲೂ ಮಿಷನರಿಗಳ ಹೆಂಡತಿಯರು ಸಂಬಳವೂ ಪದವಿಯೂ ಇಲ್ಲದೆ ಈ ತರಗತಿಗಳನ್ನು ನಡೆಸಿದರು. ಆ ಅರ್ಥದಲ್ಲಿ ಮಲುವಾದ ಮೊದಲ ಸ್ವಯಂಸೇವಕ ಶಿಕ್ಷಕಿಯರು ಅವರೇ.

ವರ್ಷ ತಿರುಗುವ ಬಗೆ

ಕಾಲೇಜಿನ ಪಂಚಾಂಗ ತರಗತಿಗಳಿಂದಷ್ಟೇ ಆದದ್ದಲ್ಲ. ಮೇ ತಿಂಗಳಲ್ಲಿ ಸಭೆಯ ವಾರ್ಷಿಕ ಮಹಾಸಭೆ ಮಲುವಾದಲ್ಲೇ ನೆರೆಯುತ್ತದೆ. ಸಮೋವಾದ ಹಳ್ಳಿಗಳಿಂದಷ್ಟೇ ಅಲ್ಲ, ನ್ಯೂಜಿಲೆಂಡ್, ಆಸ್ಟ್ರೇಲಿಯಾ, ಅಮೆರಿಕಗಳಲ್ಲಿ ನೆಲೆಸಿದ ಸಮೋವನ್ನರ ಸಭೆಗಳಿಂದಲೂ ಜನ ಬರುತ್ತಾರೆ. ಆ ವಾರ ಕಾಲೇಜು ಜಾತ್ರೆಯ ಊರು. ಅಕ್ಟೋಬರ್‌ನ ಎರಡನೆಯ ಭಾನುವಾರ ‘ಲೋತು ತಮಾಯಿತಿ’, ಮಕ್ಕಳ ಆರಾಧನೆಯ ದಿನ. ಮಕ್ಕಳೆಲ್ಲ ಬಿಳಿ ಬಟ್ಟೆ ತೊಟ್ಟು ಬಾಯಿಪಾಠ ಒಪ್ಪಿಸುತ್ತಾರೆ, ನಾಟಕವಾಡುತ್ತಾರೆ. ಉಳಿದ ದಿನಗಳಲ್ಲಿ ಹಿರಿಯರು ಉಂಡ ಮೇಲೆ ಉಣ್ಣುವ ಅವರಿಗೆ ಅಂದು ಹಿರಿಯರೇ ಮೊದಲು ಬಡಿಸುತ್ತಾರೆ. ಮರುದಿನ ದೇಶಕ್ಕೇ ರಜೆ.

ವರ್ಷದ ಕೊನೆಗೆ ಪದವಿ ಮುಗಿಸಿದ ಕುಟುಂಬಗಳು ಗಂಟುಮೂಟೆ ಕಟ್ಟುತ್ತವೆ. ಚಾಪೆಗಳು, ಪಾತ್ರೆಗಳು, ಪುಸ್ತಕದ ಪೆಟ್ಟಿಗೆಗಳ ಜೊತೆಗೆ, ಬರುವಾಗ ಇರದಿದ್ದ ಒಂದೋ ಎರಡೋ ಮಕ್ಕಳು. ಯಾವುದಾದರೂ ಹಳ್ಳಿಯ ಸಭೆ ಕರೆಯುವವರೆಗೆ ಅವರು ಕಾಯಬೇಕು. ಕರೆ ಸವಾಯಿಯ ಮೂಲೆಯಿಂದ ಬಂದೀತು, ಆಕ್ಲೆಂಡಿನ ಬಡಾವಣೆಯಿಂದಲೂ ಬಂದೀತು.

ಉಳಿಯುವ ಶಿಕ್ಷಕರಿಗೆ ಹೊತ್ತು ಗೊತ್ತಾಗುವುದು ಸಂಜೆಯಿಂದ. ಆರು ದಾಟಿ ಬೆಳಕು ಇಳಿಯುವಾಗ ಸುತ್ತಲಿನ ಹಳ್ಳಿಗಳಲ್ಲಿ ಶಂಖ ಊದುವುದೋ, ನೇತುಹಾಕಿದ ಖಾಲಿ ಗ್ಯಾಸ್ ಸಿಲಿಂಡರ್ ಬಡಿಯುವುದೋ ಕೇಳಿಸುತ್ತದೆ. ಅದು ‘ಸಾ’, ಮನೆಪ್ರಾರ್ಥನೆಯ ಹೊತ್ತು. ದಾರಿಯಲ್ಲಿ ನಡೆಯುವವರು ನಿಲ್ಲುತ್ತಾರೆ, ಆಟವಾಡುವ ಮಕ್ಕಳು ಒಳಗೋಡುತ್ತಾರೆ. ಒಂದು ಮನೆಯಲ್ಲಿ ಹೆಣ್ಣುದನಿಯೊಂದು ಕೀರ್ತನೆ ಎತ್ತುತ್ತದೆ, ಗಂಡುದನಿಗಳು ಕೆಳಗಿನ ಸ್ಥಾಯಿಯಲ್ಲಿ ಸೇರುತ್ತವೆ. ಅಷ್ಟರಲ್ಲಿ ಪಕ್ಕದ ಮನೆಯಲ್ಲಿ ಬೇರೊಂದು ಹಾಡು. ಮೊದಮೊದಲು ಹೊಸ ಶಿಕ್ಷಕರು ತಮ್ಮ ಕಿಟಕಿಯ ಬಳಿ ನಿಂತು, ತಿದ್ದಬೇಕಾದ ಪ್ರಬಂಧಗಳನ್ನು ಮೇಜಿನ ಮೇಲೆ ಬಿಟ್ಟು, ಇದನ್ನು ಕೇಳುತ್ತಾರೆ. ಕೆಲವು ತಿಂಗಳು ಕಳೆದ ಮೇಲೆ ಆ ಸದ್ದಿಗೆ ಮೊದಲೇ ಪಕ್ಕದ ಮನೆಯ ಮಗುವೊಂದು ಬಾಗಿಲಲ್ಲಿ ಬಂದು ನಿಲ್ಲುತ್ತದೆ. ಏನೂ ಹೇಳುವುದಿಲ್ಲ, ಹುಬ್ಬೇರಿಸುತ್ತದೆ. ಮೇಷ್ಟ್ರು ಚಪ್ಪಲಿ ಮೆಟ್ಟಿಕೊಂಡು ಅದರ ಹಿಂದೆ ಹೊರಡುತ್ತಾರೆ, ಆ ಮನೆಯ ಮೆಟ್ಟಿಲ ಬಳಿ ಮತ್ತೆ ಕಳಚುತ್ತಾರೆ, ಕುಳಿತವರ ಮುಂದೆ ಬಾಗಿ ‘ತುಲೋ’ ಎನ್ನುತ್ತಾರೆ. ಚಾಪೆಯ ಮೇಲೆ ಅವರಿಗೆಂದು ಬಿಟ್ಟ ಜಾಗ ಖಾಲಿಯಿರುತ್ತದೆ.